ಪದ್ಮಿನಿಯ ಪಕ್ಕದ ಸೀಟು: ಬಳ್ಳಾರಿ ಕಾರು ಕ್ಲಬ್ಬಿನಲ್ಲಿ ನಾನು ನ್ಯಾವಿಗೇಟರ್ ಆದದ್ದು

ಬಳ್ಳಾರಿಯಲ್ಲಿ ಸ್ಪೋರ್ಟ್ಸ್ ಕಾರು ಕ್ಲಬ್ ಇದೆ ಅಂದರೆ ಹೊರಗಿನವರು ಗಣಿ ದುಡ್ಡಿನ ಕಾಲದ ವಿದೇಶಿ ಕಾರುಗಳನ್ನೇ ಕಣ್ಣ ಮುಂದೆ ತಂದುಕೊಳ್ಳುತ್ತಾರೆ. ಅಂಥ ಕಾರುಗಳು ಊರಲ್ಲಿ ಓಡಾಡಿದ್ದು ನಿಜ, ರಾಯಲ್ ಸರ್ಕಲ್ಲಿನಲ್ಲಿ ನಿಂತು ನಾವೂ ನೋಡಿದವರೇ. ಆದರೆ ನಮ್ಮ ಕ್ಲಬ್ಬಿನ ಬೇರು ಅಲ್ಲಿಲ್ಲ, ಕೌಲ್ ಬಜಾರಿನ ಒಂದು ಗ್ಯಾರೇಜಿನಲ್ಲಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಲು ಆದೇಶ ಕೊಟ್ಟಿತು. ಅದಿರು ಲಾರಿಗಳು ಸಾಲುಸಾಲಾಗಿ ನಿಂತುಬಿಟ್ಟವು, ಅವನ್ನು ನಂಬಿಕೊಂಡಿದ್ದ ಮೆಕ್ಯಾನಿಕ್‌ಗಳ ಕೈ ಖಾಲಿಯಾಯಿತು. ಆ ಗ್ಯಾರೇಜಿನ ಹಿರಿಯರು, ಊರಿಗೆಲ್ಲ ಚಾಚಾ, ಆಗ ಮೂಲೆಯಲ್ಲಿ ಬಿದ್ದಿದ್ದ ಹಳೇ ಕಾರುಗಳನ್ನು ಒಂದೊಂದಾಗಿ ಬಿಚ್ಚಿ ಕಟ್ಟತೊಡಗಿದರು. ನೋಡೋಕೆ ಬಂದವರು ಸ್ಪ್ಯಾನರ್ ಹಿಡಿದು ಕೂತರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಇಂಜಿನಿಯರ್‌ಗಳು, ಜೀನ್ಸ್ ಹೊಲಿಯುವ ಯೂನಿಟ್ಟಿನ ಮಾಲೀಕರು, ಲಾರಿ ಬಿಟ್ಟು ಬಂದ ಡ್ರೈವರ್‌ಗಳು, ಎಲ್ಲ ಸೇರಿ ಭಾನುವಾರದ ಗುಂಪಾಯಿತು.

ಚಾಚಾಗೆ ಮೋಟಾರ್ ಓಟದ ಹುಚ್ಚು ಹತ್ತಿದ್ದು ಅವರ ತಂದೆಯಿಂದ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು, ಅಲ್ಲಿವರೆಗೆ ನಾವು ಮದ್ರಾಸಿನವರು. ಅದೇ 1953ರಲ್ಲಿ ಮದ್ರಾಸಿನಲ್ಲಿ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿತು. ಆಮೇಲೆ ಶೋಳಾವರಂನ ಹಳೇ ವಿಮಾನದ ರನ್‌ವೇ ಮೇಲೆ ಅವರು ನಡೆಸುತ್ತಿದ್ದ ರೇಸಿಗೆ ನಮ್ಮ ಕಡೆಯ ಮೆಕ್ಯಾನಿಕ್‌ಗಳೂ ರೈಲು ಹತ್ತಿ ಹೋಗುತ್ತಿದ್ದರಂತೆ. ರಾಜ್ಯ ಬದಲಾದರೂ ನೆಂಟಸ್ತಿಕೆ, ವ್ಯಾಪಾರ, ರೇಸು ಯಾವುದೂ ತಪ್ಪಲಿಲ್ಲ. ಬೆಂಗಳೂರಿನ ಕೆ-1000 ರ್‍ಯಾಲಿಯನ್ನು ರಸ್ತೆ ಬದಿ ನಿಂತು ನೋಡಿದ್ದನ್ನು ಚಾಚಾ ಇವತ್ತಿಗೂ ನಿನ್ನೆ ನಡೆದಂತೆ ಹೇಳುತ್ತಾರೆ. ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ಅಂದರೆ ಅವರಿಗೆ ಪ್ರಾಣ. 848 ಸಿಸಿ ಇಂಜಿನ್ನು, ಫೈಬರ್ ಮೈ, ಎರಡೇ ಬಾಗಿಲು. ಬೀದಿಯಲ್ಲಿ ಜನ ಆ ಕಾರನ್ನು ನೋಡಿ ನಕ್ಕರು, ರ್‍ಯಾಲಿಗಳಲ್ಲಿ ಮಾತ್ರ ಅದು ಹಗುರ ಮೈಯ ಬಲದಿಂದ ದೊಡ್ಡ ಕಾರುಗಳಿಗೆ ಸರಿಸಾಟಿಯಾಗಿ ಓಡಿತು. ಕರ್ನಾಟಕದಲ್ಲಿ ಹುಟ್ಟಿದ ಆ ಕಾರನ್ನು ನಾವು ಇಷ್ಟು ಬೇಗ ಮರೆಯಬಾರದಿತ್ತು.

ನಾನು ಕ್ಲಬ್ಬಿಗೆ ಹೋದದ್ದು ಕಾರಿಗಾಗಿ ಅಲ್ಲ, ಲೆಕ್ಕಕ್ಕಾಗಿ. ಜೀನ್ಸ್ ಯೂನಿಟ್ಟಿನಲ್ಲಿ ಪೀಸ್ ಲೆಕ್ಕ, ಕೂಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಗುಂಪನ್ನು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ನೋಂದಾಯಿಸಬೇಕು ಅಂತ ತೀರ್ಮಾನವಾದಾಗ ನನ್ನ ತಮ್ಮ ನನ್ನನ್ನು ಎಳೆದುಕೊಂಡು ಹೋದ. ಕನಿಷ್ಠ ಏಳು ಜನ ಸದಸ್ಯರ ಸಹಿ, ಉದ್ದೇಶಗಳ ಪತ್ರ, ಬೈಲಾ, ವಿಳಾಸದ ದಾಖಲೆ ಇವಿಷ್ಟು ಬೇಕು. ನೋಂದಣಿ ಆದಮೇಲೆ ವರ್ಷವರ್ಷ ಸರ್ವಸದಸ್ಯರ ಸಭೆ ಮಾಡಿ, ಅದಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕ ಸಲ್ಲಿಸಬೇಕು. ಎಷ್ಟೋ ಸಂಘಗಳು ಸಾಯುವುದು ಇದೊಂದು ಕೆಲಸ ಬಿಟ್ಟದ್ದಕ್ಕೆ. ನಮ್ಮದು ಸಾಯಬಾರದು ಅಂತ ಆ ಫೈಲನ್ನು ನಾನೇ ವಹಿಸಿಕೊಂಡೆ.

ಬೈಲಾ ಬರೆಯುವಾಗ ಒಂದು ಸಾಲಿನ ಮೇಲೆ ತಾಸುಗಟ್ಟಲೆ ಚರ್ಚೆ ನಡೆಯಿತು: ಸಾರ್ವಜನಿಕ ರಸ್ತೆಯಲ್ಲಿ ರೇಸು ಇಲ್ಲ. ಹುಡುಗರಿಗೆ ಬೇಸರ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಓದಿ ಹೇಳಬೇಕಾಯಿತು. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರಸ್ತೆಯಲ್ಲಿ ವೇಗದ ಸ್ಪರ್ಧೆ ನಡೆಸಿದರೆ, ಭಾಗವಹಿಸಿದರೆ, ಜೈಲು ಅಥವಾ ದಂಡ. 2019ರ ತಿದ್ದುಪಡಿ ಆದಮೇಲೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ. 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವ ಹಾಗೂ ಇಲ್ಲ. ಸೈಲೆನ್ಸರ್ ಕೊರೆದು ಸದ್ದು ಮಾಡಿಕೊಂಡು ಬಂದ ಕಾರಿಗೆ ನಮ್ಮ ಭಾನುವಾರದ ಕೂಟಕ್ಕೆ ಪ್ರವೇಶವಿಲ್ಲ ಅಂತಲೂ ಬರೆದೆವು. ಕಾನೂನಿನ ಭಯ ಒಂದು ಕಡೆ ಇರಲಿ. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗೆ ಸಿಕ್ಕಿ ಸತ್ತವರ ಮನೆಗಳು ನಮ್ಮ ಸುತ್ತ ಎಷ್ಟಿವೆ ಅಂತ ನಮಗೇ ಗೊತ್ತು. ಆ ರಸ್ತೆಯಲ್ಲಿ ವೇಗವನ್ನು ಆಟ ಮಾಡಿಕೊಳ್ಳುವ ಮನಸ್ಸು ಯಾರಿಗೂ ಬರಬಾರದು.

ಹಾಗಾದರೆ ಆಡುವುದೇನು? ಖಾಲಿ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಕೋನ್ ಇಟ್ಟು, ಒಬ್ಬೊಬ್ಬರಾಗಿ ಸುತ್ತಿ ಬರುವ ಆಟ ಒಂದು. ನೋಡಲು ಚಂದ, ಮಕ್ಕಳಿಗೂ ಖುಷಿ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನನ್ನು ಹಿಡಿದದ್ದು ಇನ್ನೊಂದು: ಟಿಎಸ್‌ಡಿ. ಟೈಮು, ಸ್ಪೀಡು, ಡಿಸ್ಟನ್ಸು. ಇಂಥ ದಾರಿಯಲ್ಲಿ ಇಂತಿಷ್ಟು ಸರಾಸರಿ ವೇಗದಲ್ಲಿ ಹೋಗಿ ಅಂತ ಆಯೋಜಕರು ಹೇಳುತ್ತಾರೆ. ಆ ವೇಗ ರಸ್ತೆಯ ಮಿತಿಗಿಂತ ಬಹಳ ಕೆಳಗೇ ಇರುತ್ತದೆ, ಗಂಟೆಗೆ 30, 36, 40. ದಾರಿಯಲ್ಲಿ ಎಲ್ಲೆಲ್ಲೋ ಸಮಯ ಬರೆದುಕೊಳ್ಳುವ ಮಾರ್ಷಲ್‌ಗಳು ಕಾಣದ ಹಾಗೆ ಕೂತಿರುತ್ತಾರೆ. ನೀವು ಅವರ ಮುಂದೆ ಸರಿಯಾದ ಸೆಕೆಂಡಿಗೆ ಹಾಯಬೇಕು. ತಡವಾದರೂ ಅಂಕ ಹೋಗುತ್ತದೆ, ಬೇಗ ಬಂದರಂತೂ ಎರಡರಷ್ಟು ಹೋಗುತ್ತದೆ. ನಮ್ಮ ನಿಯಮದಲ್ಲಿ ತಡವಾದ ಪ್ರತಿ ನಿಮಿಷಕ್ಕೆ ಒಂದು, ಬೇಗ ಬಂದ ಪ್ರತಿ ನಿಮಿಷಕ್ಕೆ ಎರಡು.

"ಅಕ್ಕಾ, ಡ್ರೈವಿಂಗ್ ನಂದು, ಲೆಕ್ಕ ನಿಂದು," ಅಂದ ತಮ್ಮ. ಪಕ್ಕದ ಸೀಟಿನಲ್ಲಿ ಕೂತು ದಾರಿ, ಸಮಯದ ಲೆಕ್ಕ ಹೇಳುವವರೇ ನ್ಯಾವಿಗೇಟರ್. ಕಾರು ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಫಿಯೆಟ್ ಇಂಜಿನ್ನು, ಸ್ಟೇರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರು. ಕಾರಿನ ಕಾಗದಪತ್ರ ಸರಿಮಾಡಲು ಆರ್‌ಟಿಒ ಕಚೇರಿಗೆ ಓಡಾಡಿದ್ದು ಬೇರೆ ಕಥೆ. 15 ವರ್ಷ ದಾಟಿದ ಸ್ವಂತ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಸಿರು ತೆರಿಗೆ ಬೇರೆ. ಹಳೇ ಕಾರು ಸಾಕುವುದು ಪ್ರೀತಿ ಇದ್ದವರಿಗೆ ಮಾತ್ರ ಸಾಧ್ಯ.

ಕಲಿಯುವ ಕೆಲಸ ಚಾಚಾನ ಗ್ಯಾರೇಜಿನ ನೆಲದಲ್ಲಿ ಶುರುವಾಯಿತು. "ಅಮ್ಮಾ, ಮೊದಲು ಒಂದು ತಿಳ್ಕೋ. ಮೀಟರ್ ಸುಳ್ಳು ಹೇಳ್ತದೆ," ಅಂದರು. ಪದ್ಮಿನಿಯ ಮೀಟರಿನಲ್ಲಿ ನೂರು ಮೀಟರಿನ ಲೆಕ್ಕ ಸಿಗುವುದಿಲ್ಲ ಅಂತ ಸೈಕಲ್ಲಿಗೆ ಹಾಕುವ ಡಿಜಿಟಲ್ ಮೀಟರ್ ತಂದೆವು. ಮುಂದಿನ ಚಕ್ರದ ಒಳಬದಿಗೆ ಸಣ್ಣ ಆಯಸ್ಕಾಂತ, ಅದರೆದುರು ಸೆನ್ಸರ್, ಡ್ಯಾಶ್‌ಬೋರ್ಡಿಗೆ ವೈರು. ಚಕ್ರ ಒಂದು ಸುತ್ತು ತಿರುಗಿದರೆ ಕಾರು ಎಷ್ಟು ಮುಂದೆ ಹೋಗುತ್ತದೆ ಅಂತ ಮೀಟರಿಗೆ ಹೇಳಿಕೊಡಬೇಕು. ಚಾಚಾ ಗಾಳಿ ನೋಡಿದರು, ನಮ್ಮಿಬ್ಬರನ್ನೂ ಒಳಗೆ ಕೂರಿಸಿದರು. ಖಾಲಿ ಕಾರಿನ ಟೈರು ಬೇರೆ, ಇಬ್ಬರು ಕೂತ ಕಾರಿನ ಟೈರು ಬೇರೆ. ಭಾರಕ್ಕೆ ರಬ್ಬರು ಕುಗ್ಗಿ ಸುತ್ತಳತೆ ಕಡಿಮೆಯಾಗುತ್ತದೆ. ಟೈರು ನೆಲ ಮುಟ್ಟಿದ ಕಡೆ ಸೀಮೆಸುಣ್ಣದಿಂದ ಗುರುತು ಮಾಡಿ, ನೆಲಕ್ಕೂ ಒಂದು ಗೆರೆ ಎಳೆದರು. ಹುಡುಗರು ಹಿಂದಿನಿಂದ ನಿಧಾನಕ್ಕೆ ತಳ್ಳಿದರು. ಗುರುತು ಒಂದು ಸುತ್ತು ಬಂದು ಮತ್ತೆ ನೆಲಕ್ಕೆ ತಾಕಿದ ಕಡೆ ಇನ್ನೊಂದು ಗೆರೆ. ಟೇಪು ಹಿಡಿದು ಅಳೆದರೆ ಒಂದು ಮೀಟರ್ ಎಂಬತ್ತು ಚಿಲ್ಲರೆ ಸೆಂಟಿಮೀಟರ್. ಒಂದೇ ಸುತ್ತನ್ನು ಚಾಚಾ ನಂಬಲಿಲ್ಲ. ಹತ್ತು ಸುತ್ತು ತಳ್ಳಿಸಿ, ಒಟ್ಟು ಅಳೆದು, ಹತ್ತರಿಂದ ಭಾಗಿಸಿದ ಸಂಖ್ಯೆಯನ್ನೇ ಮೀಟರಿಗೆ ಹಾಕಿದರು.

ಇಷ್ಟಾದರೂ ಸಾಲದು. ರೋಡ್ ಬುಕ್, ಅಂದರೆ ಸ್ಪರ್ಧೆಯ ದಾರಿ ಹೇಳುವ ಪುಸ್ತಕ, ಬರೆದವರ ಕಾರಿನ ಮೀಟರು ಇನ್ನೇನೋ ತೋರಿಸಿರುತ್ತದೆ. ಸ್ಪರ್ಧೆಯಲ್ಲಿ ಲೆಕ್ಕಕ್ಕೆ ಬರುವುದು ಅವರದೇ. ಅದಕ್ಕಾಗಿ ಶುರುವಿನಲ್ಲಿ ಅಂಕವಿಲ್ಲದ ಒಂದು ತುಣುಕು ದಾರಿ ಕೊಡುತ್ತಾರೆ. ಅವರ ಪುಸ್ತಕದಲ್ಲಿ 12 ಕಿಲೋಮೀಟರ್ ಇದ್ದ ಕಡೆ ನಮ್ಮ ಮೀಟರ್ 12.4 ತೋರಿಸಿತು ಅನ್ನಿ. ಅಂದರೆ ಪುಸ್ತಕದಲ್ಲಿ 30 ಅಂತ ಬರೆದಲ್ಲಿ ನಮಗೆ 31 ಬರಬೇಕು. ಇದನ್ನು ಗಮನಿಸದೆ ಹೋದರೆ ಗಂಟೆಗೆ 36ರ ವೇಗದಲ್ಲಿ ಅಷ್ಟರಲ್ಲೇ ನೂರು ಸೆಕೆಂಡು ತಡ. 36 ಅಂದರೆ ಕಿಲೋಮೀಟರಿಗೆ ಸರಿಯಾಗಿ ನೂರು ಸೆಕೆಂಡು. 30ಕ್ಕೆ 120, 40ಕ್ಕೆ 90, 45ಕ್ಕೆ 80, 48ಕ್ಕೆ 75. ಈ ಕೋಷ್ಟಕವನ್ನು ನಾನು ದಪ್ಪ ರಟ್ಟಿನ ಮೇಲೆ ಬರೆದು ಬಾಯಿಪಾಠ ಮಾಡಿದೆ. ಯೂನಿಟ್ಟಿನಲ್ಲಿ ಒಂದು ಪ್ಯಾಂಟಿಗೆ ಎಷ್ಟು ನಿಮಿಷ ಅಂತ ದಿನವಿಡೀ ಭಾಗಿಸುವ ನನಗೆ ಇದು ಪರಕೀಯ ಅನ್ನಿಸಲೇ ಇಲ್ಲ.

ರೋಡ್ ಬುಕ್ ಓದುವುದಕ್ಕೆ ಕಣ್ಣು ಪಳಗಬೇಕು. ಅದರಲ್ಲಿ ಊರಿನ ಹೆಸರೇ ಇರುವುದಿಲ್ಲ ಅನ್ನಬಹುದು. ಪ್ರತಿ ತಿರುವಿಗೂ ಒಂದು ಪುಟ್ಟ ಚಿತ್ರ, ಟ್ಯುಲಿಪ್ ಅನ್ನುತ್ತಾರೆ. ಚುಕ್ಕಿ ಇರುವ ಕಡೆಯಿಂದ ನಾವು ಬರುತ್ತೇವೆ, ಬಾಣ ಇರುವ ಕಡೆ ಹೋಗಬೇಕು. ಪಕ್ಕದಲ್ಲಿ ಶುರುವಿನಿಂದ ಒಟ್ಟು ದೂರ, ಹಿಂದಿನ ಚಿತ್ರದಿಂದ ಇಲ್ಲಿವರೆಗಿನ ದೂರ. ಅಷ್ಟೇ. ಮೊದಮೊದಲು ತಮ್ಮ "ಎಡಕ್ಕಾ ಬಲಕ್ಕಾ" ಅಂತ ಕೇಳುತ್ತಿದ್ದ, ನಾನು ಚಿತ್ರ ನೋಡಿ ಹೇಳುವಷ್ಟರಲ್ಲಿ ತಿರುವು ಹಿಂದೆ ಬಿದ್ದಿರುತ್ತಿತ್ತು. ಅದಕ್ಕೆ ಚಾಚಾ ಒಂದು ಪದ್ಧತಿ ಹೇಳಿಕೊಟ್ಟರು: ಮುಂದಿನದನ್ನಲ್ಲ, ಅದರ ಮುಂದಿನದನ್ನು ಓದಬೇಕು. ಮುಂದಿನದು ಡ್ರೈವರ್ ತಲೆಯಲ್ಲಿ ಆಗಲೇ ಕೂತಿರಬೇಕು. ಸಂಜೆ ಹೊತ್ತು ಕುರುಗೋಡು ರಸ್ತೆಯಲ್ಲಿ ಅಭ್ಯಾಸ ಮಾಡಿ ಮಾಡಿ ನಮ್ಮಿಬ್ಬರ ಮಾತು ಕಡಿಮೆಯಾಗುತ್ತ ಬಂತು. "ನಾನೂರಕ್ಕೆ ಎಡ, ಮೂರು ತಡ" ಅಂದರೆ ಸಾಕು, ನಾನೂರು ಮೀಟರಿಗೆ ಎಡ ತಿರುವಿದೆ, ಈಗ ಮೂರು ಸೆಕೆಂಡು ಹಿಂದಿದ್ದೇವೆ ಅಂತ ಅವನಿಗೆ ತಿಳಿಯುತ್ತಿತ್ತು.

ರ್‍ಯಾಲಿ ಇಟ್ಟುಕೊಂಡದ್ದು ಚಳಿಗಾಲದಲ್ಲಿ. ನಮ್ಮ ಕಡೆ ಬೇಸಿಗೆಯಲ್ಲಿ ಹಳೇ ಕಾರು ಹೊರತೆಗೆಯುವುದೇ ಕಷ್ಟ. ಪೊಲೀಸರಿಗೆ ದಾರಿಯ ನಕ್ಷೆ, ಸರಾಸರಿ ವೇಗದ ಪಟ್ಟಿ ಮೊದಲೇ ಕೊಟ್ಟು ಅನುಮತಿ ಪಡೆದಾಗಿತ್ತು. ಹಿಂದಿನ ಸಂಜೆ ತಪಾಸಣೆ: ಆರ್‌ಸಿ, ಇನ್ಶೂರೆನ್ಸು, ಹೊಗೆ ತಪಾಸಣೆ ಪತ್ರ, ಸೀಟ್ ಬೆಲ್ಟು, ಬೆಂಕಿ ಆರಿಸುವ ಸಿಲಿಂಡರು, ಪ್ರಥಮ ಚಿಕಿತ್ಸೆ ಡಬ್ಬಿ. ಪದ್ಮಿನಿಗೆ ಚಾಚಾ ಬೆಲ್ಟು ಕೂಡಿಸಿಕೊಟ್ಟಿದ್ದರು. ಸಾಲಿನಲ್ಲಿ ನಿಂತ ಕಾರುಗಳಲ್ಲಿ ಜನರ ಕಣ್ಣು ಸೆಳೆದದ್ದು ಒಂದೇ, ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್. ಇಬ್ಬರೇ ಕೂರುವ, ಮೇಲೆ ತೆರೆದ, ಫೈಬರ್ ಮೈಯ, ರೆನೋ ಇಂಜಿನ್ನಿನ ಪುಟ್ಟ ಕಾರು. ಉಳಿದವು ಜೆನ್, ಎಸ್ಟೀಮ್, ಜಿಪ್ಸಿ, ಒಂದು ಕಾಂಟೆಸ್ಸಾ. "ಸ್ಪೋರ್ಟ್ಸ್ ಕಾರು ಅದೊಂದೇ ಅಲ್ವಾ ಅಕ್ಕಾ?" ಅಂತ ನೋಡಲು ಬಂದಿದ್ದ ಹುಡುಗನೊಬ್ಬ ಕೇಳಿದ. ನಾಳೆ ಸಂಜೆ ಬಾ, ಆಮೇಲೆ ಹೇಳು ಅಂದೆ.

ದಾರಿ ಬಳ್ಳಾರಿಯಿಂದ ಕುಡಿತಿನಿ, ತೋರಣಗಲ್ಲು, ಸಂಡೂರು, ಹೊಸಪೇಟೆ, ಕಮಲಾಪುರ, ಕಂಪ್ಲಿ, ಕುರುಗೋಡು ಸುತ್ತಿ ಮತ್ತೆ ಬಳ್ಳಾರಿಗೆ. ನಿಮಿಷಕ್ಕೊಂದರಂತೆ ಕಾರು ಬಿಟ್ಟರು. ತೋರಣಗಲ್ಲಿನವರೆಗೆ ಹೆದ್ದಾರಿ, ಅಲ್ಲಿ ಕಷ್ಟ ಬೇರೆಯದೇ. ರಸ್ತೆ ಚೆನ್ನಾಗಿದೆ, ಕಾರು ಎಂಬತ್ತಕ್ಕೆ ಹಾತೊರೆಯುತ್ತದೆ, ಪುಸ್ತಕ ನಲವತ್ತೆಂಟು ಅನ್ನುತ್ತದೆ. ಹಿಂದಿನ ಲಾರಿಗಳು ಹಾರ್ನ್ ಬಡಿದು ದಾಟಿ ಹೋಗುತ್ತಿದ್ದರೂ ತಮ್ಮ ಎಡಕ್ಕೆ ಹಿಡಿದು ಕದಲದೆ ಓಡಿಸಿದ. ನಿಧಾನವಾಗಿ ಓಡಿಸಲು ಬೇಕಾದ ಗಟ್ಟಿತನ ಎಷ್ಟು ಅಂತ ಪಕ್ಕದಲ್ಲಿ ಕೂತ ನನಗೆ ಅವತ್ತು ಚೆನ್ನಾಗಿ ಕಂಡಿತು. ಸಂಡೂರಿನ ಕಡೆ ತಿರುಗಿದ ಮೇಲೆ ಸರಾಸರಿ ಮೂವತ್ತು. ಅದಿರಿನ ಕೆಂಪು ದೂಳು ರಸ್ತೆಯ ಅಂಚಿನ ಗಿಡಗಳ ಮೇಲೆ ಕೂತು ಎಲೆಯ ಹಸಿರೇ ಕಾಣುವುದಿಲ್ಲ. ಲಾರಿಯ ಹಿಂದೆ ಸಿಕ್ಕಿದರೆ ದಾಟಲು ಜಾಗವಿಲ್ಲ. ಲಾರಿ ಸಿಗುವ ಮೊದಲೇ ಐದಾರು ಸೆಕೆಂಡು ಕೈಯಲ್ಲಿಟ್ಟುಕೊಂಡಿರಬೇಕು, ಹೆಚ್ಚು ಇಟ್ಟುಕೊಂಡರೆ ತಿರುವಿನಲ್ಲಿ ಮಾರ್ಷಲ್ ಕೂತಿರುತ್ತಾನೆ. ಕಂಟ್ರೋಲ್, ಅಂದರೆ ಮಾರ್ಷಲ್ ಕೂತ ಜಾಗ, ಕಣ್ಣಿಗೆ ಬಿದ್ದಮೇಲೆ ನಿಂತು ಕಾಯುವಂತಿಲ್ಲ, ಅದು ನಿಯಮ.

ಸಂಡೂರು ದಾಟಿ ಹೊಸಪೇಟೆ ಕಡೆ ಗುಡ್ಡ ಏರುವಾಗ ಪದ್ಮಿನಿ ಕೆಮ್ಮಿತು, ಎಳೆದೂ ಎಳೆದೂ ನಿಂತೇಬಿಟ್ಟಿತು. ನಡು ಮಧ್ಯಾಹ್ನ, ನಿಧಾನ ಓಟ, ಏರು. ಇಂಜಿನ್ನಿನ ಕಾವಿಗೆ ಪಂಪಿನೊಳಗೆ ಪೆಟ್ರೋಲು ಆವಿಯಾಗಿ ಗುಳ್ಳೆ ಕಟ್ಟಿತ್ತು. ಹಳೇ ಪದ್ಮಿನಿ ಓಡಿಸಿದವರೆಲ್ಲರಿಗೂ ಗೊತ್ತಿರುವ ಕಾಯಿಲೆ ಇದು. ತಮ್ಮ ಬಾನೆಟ್ ಎತ್ತಿದ, ನಾನು ಕುಡಿಯುವ ನೀರಿನ ಬಾಟಲಿ ಹಿಡಿದು ಇಳಿದೆ. ಕಾಟನ್ ಬಟ್ಟೆ ಒದ್ದೆ ಮಾಡಿ ಪೆಟ್ರೋಲ್ ಪಂಪಿನ ಮೇಲೆ ಸುತ್ತಿದ. ಬಟ್ಟೆ ಒಂದು ಕ್ಷಣ ಹೊಗೆಯಾಡಿತು. ಮತ್ತೆ ನೀರು ಹಾಕಿದೆ, ಮತ್ತೆ ಹಬೆ. ಪಂಪಿನ ಕೆಳಗಿನ ಸಣ್ಣ ಲಿವರನ್ನು ಬೆರಳಿನಿಂದ ಒತ್ತಿ ಒತ್ತಿ ಪೆಟ್ರೋಲ್ ಎಳೆಸಿದ. ಹಿಂದೆ ಬಂದ ಎಸ್ಟೀಮಿನವರು ನಿಂತು "ಏನಾದ್ರೂ ಬೇಕಾ?" ಅಂತ ಕೇಳಿದರು. ನೀರು ಕೊಟ್ಟು ಹೋದರು, ಅವರ ಸೆಕೆಂಡುಗಳೂ ಅಲ್ಲಿ ಹೋದವು. ಕೊನೆಗೆ ಕಾರು ಹೊತ್ತಿಕೊಂಡಾಗ ನಮ್ಮ ಲೆಕ್ಕದಲ್ಲಿ ಏಳು ನಿಮಿಷ ಹಿಂದೆ.

"ಎಳ್ದುಬಿಡ್ಲಾ ಅಕ್ಕಾ? ಇಳಿಜಾರು ಇದೆ, ಹಿಡೀಬಹುದು," ಅಂದ. ಬೇಡ ಅಂದೆ. ನಮ್ಮ ನಿಯಮದಲ್ಲಿ ಒಂದು ಕಂಟ್ರೋಲಿನ ತಡ ಅಲ್ಲಿಗೇ ಮುಗಿಯುತ್ತದೆ, ಮುಂದಿನ ಲೆಕ್ಕ ಅಲ್ಲಿಂದ ಹೊಸದು. ಆ ಏಳು ಅಂಕ ಹೋಗಲಿ ಅಂತ ಬಿಟ್ಟುಕೊಟ್ಟರೆ ಉಳಿದ ದಾರಿಯೆಲ್ಲ ನಮ್ಮದು. ಇಳಿಜಾರಿನಲ್ಲಿ ಎಳೆದರೆ ಬ್ರೇಕೂ ಬಿಸಿ, ಮತ್ತೆ ಪಂಪೂ ಬಿಸಿ, ಎದುರು ಬರುವ ಲಾರಿ ಬೇರೆ. ಅವನು ಒಂದು ಮಾತೂ ಆಡದೆ ಮೂವತ್ತಕ್ಕೆ ಇಳಿಸಿದ. ಪಕ್ಕದ ಸೀಟಿನವರ ಮಾತಿಗೆ ಡ್ರೈವರ್ ಹೀಗೆ ಬೆಲೆ ಕೊಡದಿದ್ದರೆ ಈ ಆಟ ನಡೆಯುವುದೇ ಇಲ್ಲ.

ಹೊಸಪೇಟೆಯಲ್ಲಿ ವಿರಾಮ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಎರಡೆರಡು ಲೋಟ ಚಹಾ. ಕಮಲಾಪುರ ದಾಟಿದ ಮೇಲೆ ಕಾಲುವೆ ನೀರಿನ ಊರುಗಳು, ಕಬ್ಬು, ಬಾಳೆ, ಭತ್ತ. ಕಂಪ್ಲಿ ಹತ್ತಿರ ಸುಗ್ಗಿಯ ಭತ್ತವನ್ನು ಅರ್ಧ ರಸ್ತೆಗೆ ಹರವಿದ್ದರು. ನಮ್ಮ ಕ್ಲಬ್ಬಿನಲ್ಲಿ ಒಂದು ಕಟ್ಟುನಿಟ್ಟು ಇದೆ: ರೈತರ ಕಾಳಿನ ಮೇಲೆ ಚಕ್ರ ಹಾಯಿಸಿದ ಕಾರು ಸ್ಪರ್ಧೆಯಿಂದ ಹೊರಗೆ. ಕಾವಲಿಗೆ ಕೂತಿದ್ದ ಅಜ್ಜ ಎದ್ದು ನಿಂತು ಕೈ ಅಡ್ಡ ಹಿಡಿದ. "ಮ್ಯಾಲ ಹಾಯಿಸಬ್ಯಾಡ್ರೀ ಯಪ್ಪಾ, ನುಚ್ಚಾಗ್ತೈತಿ." ತಮ್ಮ ಪೂರಾ ನಿಲ್ಲಿಸಿ, ಎದುರಿನ ಟ್ರ್ಯಾಕ್ಟರ್ ಹೋಗಲು ಬಿಟ್ಟು, ಆಮೇಲೆ ಆ ಬದಿಯಿಂದ ದಾಟಿಸಿದ. ಹನ್ನೊಂದು ಸೆಕೆಂಡು ಹಿಂದೆ ಬಿದ್ದೆವು. ಮುಂದಿನ ಎರಡು ಕಿಲೋಮೀಟರಿನಲ್ಲಿ ಅದನ್ನು ಚೂರುಚೂರಾಗಿ ಸರಿಮಾಡಿಕೊಂಡು, ಬಾಳೆತೋಟದ ಮರೆಯಲ್ಲಿ ಕೂತಿದ್ದ ಮಾರ್ಷಲ್ ಮುಂದೆ ಸರಿಯಾದ ನಿಮಿಷಕ್ಕೆ ಹಾದೆವು. ಕಾರ್ಡಿನಲ್ಲಿ ಅವನು ಸಮಯ ಬರೆದು ಸಹಿ ಮಾಡಿ ಕೊಟ್ಟಾಗ ನನ್ನ ಗಡಿಯಾರಕ್ಕೂ ಅವನದಕ್ಕೂ ಒಂದು ಸೆಕೆಂಡಿನ ವ್ಯತ್ಯಾಸವೂ ಇರಲಿಲ್ಲ. ನನಗೆ ಆ ದಿನ ಸಿಕ್ಕ ದೊಡ್ಡ ಸಂತೋಷ ಅದು.

ಸಂಜೆ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರವಿ ಎಲ್ಲರೆದುರೇ ಲೆಕ್ಕ ಕೂಡಿದರು. ಗೆದ್ದದ್ದು ಜೆನ್ ಓಡಿಸಿದ ತೋರಣಗಲ್ಲಿನ ಗಂಡ ಹೆಂಡತಿ, ಲೆಕ್ಕ ಹೆಂಡತಿಯದು. ನಾವು ನಾಲ್ಕನೆಯವರು. ಗುಡ್ಡದ ಏಳು ಅಂಕ ಬಿಟ್ಟರೆ ಇಡೀ ದಾರಿಯಲ್ಲಿ ನಮ್ಮದು ಹೋದದ್ದು ಎರಡೇ. ಸ್ಯಾನ್ ಸ್ಟಾರ್ಮ್ ಹೆದ್ದಾರಿಯ ಕಂಟ್ರೋಲುಗಳಲ್ಲೆಲ್ಲ ಬೇಗ ಬಂದು ಎರಡೆರಡು ಅಂಕ ಕಳೆದುಕೊಂಡು ಕೆಳಗೆ ಇಳಿದಿತ್ತು. ಪ್ರಶ್ನೆ ಕೇಳಿದ್ದ ಹುಡುಗ ಬಂದಿದ್ದ. ಪದ್ಮಿನಿಯ ಪಂಪಿಗೆ ಸುತ್ತಿದ್ದ ಬಟ್ಟೆಯನ್ನು ಮುಟ್ಟಿ ನೋಡಿ, ಮುಂದಿನ ಸಲ ಮಾರ್ಷಲ್ ಆಗಿ ಕೂರುತ್ತೇನೆ ಅಂತ ಹೆಸರು ಬರೆಸಿ ಹೋದ.

ಆ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಎರಡು ತೀರ್ಮಾನವಾದವು. ಗುಡ್ಡದ ಭಾಗ ಇನ್ನು ಮುಂದೆ ಬೆಳಗ್ಗೆಯೇ ಮುಗಿಯಬೇಕು, ಹಳೇ ಕಾರುಗಳಿಗೆ ಅನ್ಯಾಯವಾಗಬಾರದು. ಇನ್ನೊಬ್ಬರ ಕೆಟ್ಟ ಕಾರಿಗೆ ನಿಂತು ಸಹಾಯ ಮಾಡಿದವರಿಗೆ ಆ ಸಮಯವನ್ನು ಮಾರ್ಷಲ್ ಕಾರ್ಡಿನಲ್ಲಿ ಬರೆದು ವಾಪಸು ಕೊಡಬೇಕು. ಎಸ್ಟೀಮಿನವರ ವಿಷಯ ನಾನೇ ಎತ್ತಿದ್ದೆ, ಒಬ್ಬರೂ ವಿರೋಧಿಸಲಿಲ್ಲ.

ಮುಂದಿನ ರೋಡ್ ಬುಕ್ ಬರೆಯುವ ಕೆಲಸ ನನಗೂ ಚಾಚಾಗೂ ಬಂದಿದೆ. ಈ ಸಲ ರಾಯಚೂರು ಸೀಮೆ: ಸಿರುಗುಪ್ಪ, ಸಿಂಧನೂರು, ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕ ಮಸ್ಕಿ, ಅಲ್ಲಿಂದ ಮುದಗಲ್ಲಿನ ಕೋಟೆವರೆಗೆ. ಸಿಂಧನೂರಿನವರೆಗೆ ಅಳೆದಾಗಿದೆ. ಕಾಲುವೆ ಪಕ್ಕದ ದಾರಿಗಳಲ್ಲಿ ಭತ್ತ ಒಣಹಾಕುವ ಜಾಗಗಳನ್ನು ಊರವರನ್ನು ಕೇಳಿ ಗುರುತಿಸಿಕೊಂಡು, ಅವನ್ನು ತಪ್ಪಿಸಿ ಚಿತ್ರ ಬರೆಯುತ್ತಿದ್ದೇನೆ. ನ್ಯಾವಿಗೇಟರ್‌ಗಳು ಇನ್ನೂ ಬೇಕು, ಮುಖ್ಯವಾಗಿ ಹೆಣ್ಣುಮಕ್ಕಳು. ಸ್ವಂತ ಕಾರು ಬೇಕಿಲ್ಲ, ಓಡಿಸಲು ಬರಬೇಕಿಲ್ಲ. ಭಾಗಾಕಾರ ಬಂದರೆ ಸಾಕು, ಉಳಿದದ್ದನ್ನು ಭಾನುವಾರ ಬೆಳಗ್ಗೆ ಕೌಲ್ ಬಜಾರಿನ ಗ್ಯಾರೇಜಿನಲ್ಲಿ ನಾವು ಕಲಿಸುತ್ತೇವೆ.